‘ಸಮಯ’ ಶಬ್ದದ ಅರ್ಥವ್ಯಾಪ್ತಿ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಇಂದಿನ ಸಭೆಯಲ್ಲಿ ನಾನು ಒಂದೇ ಒಂದು ಶಬ್ದವನ್ನು ಕುರಿತು ಮಾತನಾಡಬೇಕೆಂದು ಸಂಕಲ್ಪಿಸಿದ್ದೇನೆ. ಅದು ‘ಸಮಯ’ ಎಂಬ ಶಬ್ದ. ಅದರಲ್ಲಿರುವುದು ಮೂರೇ ಅಕ್ಷರ, ಮೂರೂ ಲಘು. ಛಂದಶ್ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ನಗಣ ಮಾತ್ರ. ಇಷ್ಟು ಹಗುರಾದ ಶಬ್ದವನ್ನು ನಾವು ದಿನಕ್ಕೆ ಹತ್ತಾರು ಸಲ ನುಡಿಯುತ್ತೇವೆ. ಆದರೆ ಜೈನ ವಾಙ್ಮಯದಲ್ಲಿ ಈ ಶಬ್ದ ಹೊತ್ತಿರುವ ಭಾರವನ್ನು ನೋಡಿದರೆ ಆಶ್ಚರ್ಯವಾಗದೆ ಇರದು. ಕುಂದಕುಂದಾಚಾರ್ಯರ ಪರಮ ಗ್ರಂಥಕ್ಕೆ ‘ಸಮಯಸಾರ’ವೆಂದು ಹೆಸರು. ಶ್ರಾವಕನು ಆಚರಿಸಬೇಕಾದ ‘ಸಾಮಾಯಿಕ’ ಈ ಶಬ್ದದಿಂದಲೇ ಹುಟ್ಟಿದ್ದು. ಬ್ರಹ್ಮಶಿವನ ಕನ್ನಡ ಕೃತಿಯ ಹೆಸರು ‘ಸಮಯಪರೀಕ್ಷೆ’. ಈ ಮೂರು ಕಡೆಗಳಲ್ಲಿ ‘ಸಮಯ’ಕ್ಕೆ ಮೂರು ಬೇರೆ ಬೇರೆ ಅರ್ಥಗಳು. ನಮ್ಮ ಕೈಗಡಿಯಾರ ತೋರಿಸುವ ಸಮಯ ಈ ಮೂರರಲ್ಲಿ ಯಾವುದೂ ಅಲ್ಲ.

ಒಂದು ಮಾತಿನಲ್ಲಿ ಹಲವು ಅರ್ಥಗಳನ್ನು ಕಾಣುವುದು ಜೈನ ವಿದ್ವಾಂಸರಿಗೆ ಹೊಸದಲ್ಲ. ಸಮಯಸುಂದರನೆಂಬ ಶ್ವೇತಾಂಬರ ಯತಿಯು 1592ರಲ್ಲಿ ಅಕ್ಬರನ ಸಭೆಯ ಮುಂದಿಟ್ಟ ‘ಅಷ್ಟಲಕ್ಷೀ’ ಎಂಬ ಕೃತಿಯಲ್ಲಿ ಎಂಟೇ ಅಕ್ಷರಗಳ ಒಂದು ಸಂಸ್ಕೃತ ವಾಕ್ಯಕ್ಕೆ ಎಂಟು ಲಕ್ಷ ಅರ್ಥಗಳನ್ನು ಹೇಳಿದನು. ಅದು ಪಾಂಡಿತ್ಯದ ವೈಭವ. ನನ್ನ ಉದ್ದೇಶ ಅಷ್ಟು ದೊಡ್ಡದಲ್ಲ. ‘ಸಮಯ’ ಶಬ್ದದ ಅರ್ಥಗಳು ಒಂದಕ್ಕೊಂದು ಸಂಬಂಧವಿಲ್ಲದೆ ಚೆದುರಿ ಬಿದ್ದವಲ್ಲ, ಅವೆಲ್ಲವೂ ಒಂದೇ ಬೇರಿನಿಂದ ಚಿಗುರಿದವು, ಆ ಬೇರನ್ನು ಮರೆತರೆ ನಮಗೆ ನಷ್ಟವಿದೆ ಎಂಬುದನ್ನು ನಿವೇದಿಸುವುದಷ್ಟೇ ನನ್ನ ಆಶಯ.

ಮೊದಲು ಕೋಶದ ಸಾಕ್ಷ್ಯವನ್ನು ನೋಡೋಣ. ಅಮರಕೋಶದ ನಾನಾರ್ಥವರ್ಗವು ಈ ಶಬ್ದಕ್ಕೆ ಐದು ಅರ್ಥಗಳನ್ನು ಕೊಡುತ್ತದೆ: ಆಣೆ, ಆಚಾರ, ಕಾಲ, ಸಿದ್ಧಾಂತ, ಒಪ್ಪಂದ. ಇವುಗಳಲ್ಲಿ ಕಾಲವೆಂಬುದು ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕೂ ಮನುಷ್ಯರು ಪರಸ್ಪರ ಕೂಡಿ ಬಾಳುವುದಕ್ಕೆ ಸಂಬಂಧಿಸಿದವು. ಶಬ್ದದ ವ್ಯುತ್ಪತ್ತಿಯೂ ಇದನ್ನೇ ಸಮರ್ಥಿಸುತ್ತದೆ. ‘ಸಂ’ ಎಂಬುದು ಉಪಸರ್ಗ, ಒಟ್ಟಾಗಿ ಎಂದರ್ಥ. ‘ಅಯ’ ಎಂದರೆ ಹೋಗುವುದು, ಬರುವುದು. ಒಟ್ಟಾಗಿ ಬಂದು ಸೇರುವುದೇ ಸಮಯ. ಇಬ್ಬರು ಒಂದು ಮಾತಿಗೆ ಬಂದು ಸೇರಿದರೆ ಅದು ಒಪ್ಪಂದ. ಹಲವರು ಒಂದು ನಡವಳಿಕೆಗೆ ಬಂದು ಸೇರಿದರೆ ಅದು ಆಚಾರ. ಒಂದು ತತ್ತ್ವಕ್ಕೆ ಬಂದು ಸೇರಿದರೆ ಸಿದ್ಧಾಂತ. ಕಾರ್ಯವೂ ಕಾರಣವೂ ಬಂದು ಸೇರುವ ಗಳಿಗೆಯೇ ತಕ್ಕ ಕಾಲ.

ಕನ್ನಡದ ಬಳಕೆಯಲ್ಲಿ ಈ ಮೂಲಾರ್ಥ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ‘ಹೊತ್ತು’ ಎಂಬ ಅಚ್ಚಗನ್ನಡ ಶಬ್ದವಿದೆ, ‘ವೇಳೆ’ ಇದೆ, ‘ಕಾಲ’ವಿದೆ. ಇವು ಇದ್ದರೂ ‘ಸಮಯ ನೋಡಿ ಮಾತನಾಡು’ ಎಂದು ಹಿರಿಯರು ಹೇಳುವಾಗ ಗಂಟೆ ಎಷ್ಟೆಂದು ನೋಡೆಂದು ಅವರ ಅಭಿಪ್ರಾಯವಲ್ಲ. ಆಡುವವನು, ಕೇಳುವವನು, ಆಡುವ ಮಾತು, ಇರುವ ಸಂದರ್ಭ ಇವು ಹೊಂದಿಬಂದಿವೆಯೇ ನೋಡು ಎಂಬುದು ಅದರ ಭಾವ. ‘ಸಮಯಸ್ಫೂರ್ತಿ’, ‘ಸಮಯಪ್ರಜ್ಞೆ’, ‘ಸಮಯೋಚಿತ’ ಎಂಬ ಮಾತುಗಳಲ್ಲಿಯೂ ಈ ಹೊಂದಾಣಿಕೆಯ ಅರ್ಥವೇ ಇದೆ. ಅದೇ ಶಬ್ದ ಕೆಳಗಿಳಿದಾಗ ‘ಸಮಯಸಾಧಕ’ ಎಂಬ ನಿಂದೆಯೂ ಆಗುತ್ತದೆ. ಎಲ್ಲವೂ ಕೂಡಿಬಂದ ಗಳಿಗೆಯನ್ನು ತನ್ನೊಬ್ಬನ ಲಾಭಕ್ಕೆ ತಿರುಗಿಸಿಕೊಳ್ಳುವವನು ಸಮಯಸಾಧಕ. ‘ಸಮಯಸಾರ’ಕ್ಕೂ ‘ಸಮಯಸಾಧಕ’ನಿಗೂ ಅಕ್ಷರಗಳಲ್ಲಿ ಅಂತರ ಸ್ವಲ್ಪ, ಬಾಳಿನಲ್ಲಿ ಅಂತರ ಅಪಾರ.

ಇನ್ನು ಜೈನ ಶಾಸ್ತ್ರಕ್ಕೆ ಬರೋಣ. ಕಾಲದ ಅರ್ಥದಲ್ಲಿ ಕೂಡ ನಮ್ಮ ಆಗಮಗಳು ಈ ಶಬ್ದವನ್ನು ಅತ್ಯಂತ ನಿಷ್ಕೃಷ್ಟವಾಗಿ ಬಳಸಿವೆ. ಒಂದು ಪರಮಾಣುವು ಮಂದಗತಿಯಿಂದ ಆಕಾಶದ ಒಂದು ಪ್ರದೇಶದಿಂದ ಅದಕ್ಕೆ ತಾಗಿದ ಇನ್ನೊಂದು ಪ್ರದೇಶಕ್ಕೆ ಹೋಗಲು ಹಿಡಿಯುವ ಕಾಲವೇ ಒಂದು ಸಮಯ. ಅದನ್ನು ಮತ್ತೆ ಭಾಗಿಸಲಾಗದು. ಅಸಂಖ್ಯಾತ ಸಮಯಗಳು ಕೂಡಿ ಒಂದು ಆವಲಿ. ಸಂಖ್ಯಾತ ಆವಲಿಗಳು ಕೂಡಿ ಒಂದು ಉಚ್ಛ್ವಾಸ. 7 ಉಚ್ಛ್ವಾಸಗಳಿಗೆ ಒಂದು ಸ್ತೋಕ, 7 ಸ್ತೋಕಗಳಿಗೆ ಒಂದು ಲವ, 77 ಲವಗಳಿಗೆ ಒಂದು ಮುಹೂರ್ತ. ಗುಣಿಸಿ ನೋಡಿದರೆ ಒಂದು ಮುಹೂರ್ತಕ್ಕೆ 3773 ಉಚ್ಛ್ವಾಸಗಳಾಗುತ್ತವೆ. 30 ಮುಹೂರ್ತಗಳಿಗೆ ಒಂದು ಅಹೋರಾತ್ರವಾದ್ದರಿಂದ ಇಂದಿನ ಲೆಕ್ಕದಲ್ಲಿ ಮುಹೂರ್ತವೆಂದರೆ 48 ನಿಮಿಷ. ನಿಮಿಷಕ್ಕೆ ಸುಮಾರು 78 ಅಥವಾ 79 ಉಚ್ಛ್ವಾಸಗಳಾದವು. ಈ ಸಂಖ್ಯೆ ಆರೋಗ್ಯವಂತನ ಉಸಿರಾಟಕ್ಕಿಂತ ಅವನ ನಾಡಿಯ ಮಿಡಿತಕ್ಕೆ ಸಮೀಪವಾಗಿದೆಯೆಂಬುದು ಗಮನಿಸತಕ್ಕ ಸಂಗತಿ. ಹೀಗೆ ಎಣಿಕೆಗೆ ಸಿಕ್ಕದ ಸೂಕ್ಷ್ಮದಿಂದ ಹೊರಟು ಮನುಷ್ಯನ ಮೈಯ ಮಿಡಿತದವರೆಗೆ ಕಾಲವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದ ಬುದ್ಧಿ ನಮ್ಮ ಪೂರ್ವಾಚಾರ್ಯರದು.

ಈ ಮಹೋತ್ಸವದಲ್ಲಿ ನಾವು ಆಚರಿಸುವ ಪಂಚಕಲ್ಯಾಣಗಳಲ್ಲಿ ಕೊನೆಯದು ಮೋಕ್ಷಕಲ್ಯಾಣ. ಕರ್ಮಬಂಧವನ್ನು ಕಳಚಿಕೊಂಡ ಜೀವವು ನೇರವಾಗಿ ಮೇಲಕ್ಕೇರಿ ಲೋಕಾಗ್ರವನ್ನು ಒಂದೇ ಸಮಯದಲ್ಲಿ ಸೇರುತ್ತದೆಂದು ಶಾಸ್ತ್ರ ಹೇಳುತ್ತದೆ. ಅನಾದಿಯಿಂದ ಅಲೆದ ಅಲೆದಾಟಕ್ಕೆ ಕೊನೆ ಬೀಳಲು ಬೇಕಾದದ್ದು ಕಾಲದ ಅತಿ ಚಿಕ್ಕ ತುಣುಕು. ಈ ಒಂದು ಉಪಯೋಗದಲ್ಲಿಯೇ ‘ಸಮಯ’ವೆಂಬ ಶಬ್ದದ ಗೌರವ ನಮಗೆ ಅರಿವಾಗಬೇಕು.

ಎರಡನೆಯ ಅರ್ಥ ಒಪ್ಪಂದ. ಪ್ರಾಚೀನ ಧರ್ಮಶಾಸ್ತ್ರಕಾರರು ವ್ಯವಹಾರದ ಪ್ರಕರಣಗಳನ್ನು ಹದಿನೆಂಟಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು, ಮಾಡಿಕೊಂಡ ಸಮಯವನ್ನು ಮೀರುವುದಕ್ಕೆ ಸಂಬಂಧಿಸಿದ್ದು. ನಾರದಸ್ಮೃತಿಯು ವೈದಿಕೇತರ ಪಂಥಗಳವರು, ವರ್ತಕರು ಮೊದಲಾದ ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯನ್ನೇ ಸಮಯವೆಂದು ಕರೆಯುತ್ತದೆ. ಅಂಥ ಕಟ್ಟಳೆಗಳನ್ನು ಅರಸನು ಕಾಪಾಡಬೇಕೆಂದು ವಿಧಿಸುತ್ತದೆ. ತನ್ನ ಮತಕ್ಕೆ ಸೇರದವರ ಕಟ್ಟಳೆಯನ್ನೂ ಅರಸನು ರಕ್ಷಿಸಬೇಕೆಂಬ ಈ ವಿಧಿಯನ್ನು ನೆನಪಿನಲ್ಲಿಡಿರಿ. ಮುಂದೆ ಇದು ಬೇಕಾಗುತ್ತದೆ. ನಮ್ಮ ನಾಡಿನ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಮೂಹಗಳಿಗೂ ಸಮಯವೆಂಬ ಹೆಸರು ಬಂದಿರುವುದು ಇದೇ ಕಾರಣದಿಂದ. ಕಟ್ಟಳೆಯ ಹೆಸರೇ ಅದಕ್ಕೆ ಕಟ್ಟುಬಿದ್ದ ಜನರ ಹೆಸರಾಯಿತು.

ಕವಿಗಳ ಲೋಕದಲ್ಲಿಯೂ ಇಂಥ ಒಪ್ಪಂದವುಂಟು. ಚಕೋರವು ಬೆಳದಿಂಗಳನ್ನು ಉಣ್ಣುತ್ತದೆ, ಹಂಸವು ನೀರನ್ನು ಬಿಟ್ಟು ಹಾಲನ್ನು ಹೀರುತ್ತದೆ, ಕೀರ್ತಿಯ ಬಣ್ಣ ಬಿಳುಪು ಎಂದು ಕವಿ ಹೇಳಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಇದು ಕವಿಗೂ ಸಹೃದಯನಿಗೂ ನಡುವೆ ಆಗಿರುವ ಒಡಂಬಡಿಕೆ. ಇದಕ್ಕೆ ಕವಿಸಮಯವೆಂದು ಹೆಸರು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಇದನ್ನು ವಿಸ್ತಾರವಾಗಿ ವಿವೇಚಿಸಿದನು. ಕನ್ನಡದಲ್ಲಿ ಎರಡನೆಯ ನಾಗವರ್ಮನು ತನ್ನ ‘ಕಾವ್ಯಾವಲೋಕನ’ದ ಕೊನೆಯ ಭಾಗವನ್ನು ಇದಕ್ಕೇ ಮೀಸಲಿಟ್ಟನು.

ಮೂರನೆಯ ಅರ್ಥ ಸಿದ್ಧಾಂತ ಅಥವಾ ಮತ. ಜೈನಸಮಯ, ಶೈವಸಮಯ, ವೈಷ್ಣವಸಮಯ ಎಂಬ ಬಳಕೆ ನಮ್ಮ ಹಳೆಯ ಸಾಹಿತ್ಯದಲ್ಲಿ ಹೇರಳವಾಗಿದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳನ್ನು ಕಟುವಾಗಿ ವಿಮರ್ಶಿಸಿ ಜೈನಮತವನ್ನು ಎತ್ತಿಹಿಡಿದನು. ಅಂದಿನ ವಾದವಿವಾದಗಳ ಬಿಸಿಯಲ್ಲಿ ಹುಟ್ಟಿದ ಗ್ರಂಥ ಅದು. ಅವನ ಮಾತಿನ ಬಿರುಸು, ಅಂದಿನ ಜನಜೀವನವನ್ನು ಅವನು ಕಂಡ ಬಗೆ ಓದತಕ್ಕವು. ಆದರೆ ಅಲ್ಲಿ ‘ಸಮಯ’ ಶಬ್ದವು ಕೂಡಿಸುವ ಬದಲು ಬೇರ್ಪಡಿಸುವ ಗೋಡೆಯಾಗಿ ನಿಂತಿತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಇದೇ ಅರ್ಥವನ್ನು ಸಿದ್ಧಸೇನಾಚಾರ್ಯರು ಬೇರೊಂದು ದೃಷ್ಟಿಯಿಂದ ನೋಡಿದರು. ಮಾತಿಗೆ ಎಷ್ಟು ಹಾದಿಗಳುಂಟೋ ನಯಗಳೂ ಅಷ್ಟೇ, ನಯಗಳು ಎಷ್ಟುಂಟೋ ಪರಸಮಯಗಳೂ ಅಷ್ಟೇ ಎಂದು ಅವರ ‘ಸನ್ಮತಿತರ್ಕ’ದ ಅಭಿಪ್ರಾಯ. ನಯವೆಂದರೆ ವಸ್ತುವಿನ ಒಂದು ಮುಖವನ್ನು ಹಿಡಿದು ನೋಡುವ ದೃಷ್ಟಿ. ಅಂದಮೇಲೆ ಪ್ರತಿಯೊಂದು ಪರಸಮಯವೂ ಸತ್ಯದ ಒಂದು ಮುಖವನ್ನು ಕಂಡಿದೆ. ತಾನು ಕಂಡ ಮುಖವೇ ಪೂರ್ಣವೆಂದು ಹಟ ಹಿಡಿದಾಗ ಅದು ಮಿಥ್ಯೆಯಾಗುತ್ತದೆ. ಉಳಿದ ಮುಖಗಳೊಡನೆ ಹೊಂದಿ ನಿಂತಾಗ ಸಮ್ಯಕ್ಕಾಗುತ್ತದೆ. ಅನೇಕಾಂತದ ಮರ್ಮವಿರುವುದು ಇಲ್ಲಿಯೇ.

ಇನ್ನು ‘ಸಮಯಸಾರ’. ಈ ಹೆಸರನ್ನು ಕೇಳಿದ ಇಂದಿನ ತರುಣರು ಕಾಲದ ಸಾರವೆಂದೋ ಕಾಲವನ್ನು ವ್ಯರ್ಥಮಾಡಬಾರದೆಂಬ ಉಪದೇಶವೆಂದೋ ತಿಳಿದರೆ ಅವರನ್ನು ದೂಷಿಸುವಂತಿಲ್ಲ; ಅವರಿಗೆ ಗೊತ್ತಿರುವ ಸಮಯ ಅದೊಂದೇ. ಕುಂದಕುಂದಾಚಾರ್ಯರಲ್ಲಿ ಸಮಯವೆಂದರೆ ಆತ್ಮ. ಅಮೃತಚಂದ್ರಸೂರಿಗಳು ತಮ್ಮ ‘ಆತ್ಮಖ್ಯಾತಿ’ ವ್ಯಾಖ್ಯಾನದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ. ತಿಳಿಯುವುದು ಮತ್ತು ಪರಿಣಮಿಸುವುದು ಎಂಬ ಎರಡು ಕ್ರಿಯೆಗಳು ಯಾವುದರಲ್ಲಿ ಏಕಕಾಲದಲ್ಲಿ, ಏಕತ್ವದಿಂದ ನಡೆಯುತ್ತವೆಯೋ ಅದು ಸಮಯ, ಅದೇ ಜೀವ. ಆ ಜೀವವು ದರ್ಶನ, ಜ್ಞಾನ, ಚಾರಿತ್ರಗಳಲ್ಲಿ ನೆಲೆಗೊಂಡಾಗ ಸ್ವಸಮಯ. ಕರ್ಮಪುದ್ಗಲಗಳಿಂದಾದ ಭಾವಗಳನ್ನು ತಾನೆಂದು ಬಗೆದು ಅವುಗಳಲ್ಲಿ ನಿಂತಾಗ ಪರಸಮಯ. ಇಲ್ಲಿ ‘ಪರ’ ಎಂದರೆ ನೆರೆಯವನ ಮತವೆಂದಲ್ಲ; ನನ್ನದೇ ಕ್ರೋಧ, ನನ್ನದೇ ಲೋಭ. ಜೈನ ಕುಲದಲ್ಲಿ ಹುಟ್ಟಿ, ನಿತ್ಯ ಬಸದಿಗೆ ಬಂದು, ದ್ವೇಷವನ್ನು ಎದೆಯಲ್ಲಿಟ್ಟುಕೊಂಡವನು ಕುಂದಕುಂದರ ಅಳತೆಯಲ್ಲಿ ಪರಸಮಯಸ್ಥನೇ. ಅಮೃತಚಂದ್ರರ ಪಾಠದಲ್ಲಿ 415 ಗಾಹೆಗಳಿರುವ ಈ ಗ್ರಂಥಕ್ಕೆ ಅಧ್ಯಾತ್ಮಿ ಬಾಲಚಂದ್ರರು ಕನ್ನಡದಲ್ಲಿ ವೃತ್ತಿಯನ್ನು ಬರೆದು ನಮ್ಮ ನುಡಿಗೆ ಉಪಕಾರ ಮಾಡಿದ್ದಾರೆ.

ಕುಂದಕುಂದರ ಇನ್ನೊಂದು ಗ್ರಂಥ ‘ಪಂಚಾಸ್ತಿಕಾಯ’ದಲ್ಲಿ ಸಮಯವೆಂದರೆ ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ ಎಂಬ ಐದು ಅಸ್ತಿಕಾಯಗಳ ಸಮವಾಯ. ಅದೇ ಲೋಕ. ಈ ಐದರ ಪರಸ್ಪರ ಸಂಬಂಧವನ್ನು ಆಚಾರ್ಯರು ವಿವರಿಸುವ ರೀತಿ ಮನನೀಯವಾಗಿದೆ. ಅವು ಒಂದರೊಳಗೊಂದು ಪ್ರವೇಶಿಸುತ್ತವೆ. ಒಂದಕ್ಕೊಂದು ಇರಲು ಎಡೆಗೊಡುತ್ತವೆ. ಸದಾ ಕೂಡಿಯೇ ಇರುತ್ತವೆ. ಆದರೂ ಯಾವುದೂ ತನ್ನ ಸ್ವಭಾವವನ್ನು ಬಿಡುವುದಿಲ್ಲ. ‘ಸಮಯ’ ಶಬ್ದದ ಬೇರು ಯಾವುದೆಂದು ಆರಂಭದಲ್ಲಿ ಹೇಳಿದೆನಷ್ಟೆ? ಅದರ ಪೂರ್ಣ ರೂಪ ಇಲ್ಲಿದೆ. ಕೂಡಬೇಕು, ಎಡೆಗೊಡಬೇಕು, ತನ್ನತನವನ್ನು ಉಳಿಸಿಕೊಳ್ಳಬೇಕು. ಇವು ಮೂರೂ ಸೇರಿದರೆ ಸಮಯ.

ದ್ರವ್ಯಗಳಿಗೆ ಇದು ಸಹಜ, ಮನುಷ್ಯರಿಗೆ ಪ್ರಯತ್ನಸಾಧ್ಯ. ಅಂಥ ಒಂದು ಪ್ರಯತ್ನದ ಸಾಕ್ಷಿ ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದಲ್ಲಿ ಕಲ್ಲಿನ ಮೇಲೆ ನಿಂತಿದೆ. ಶಕ 1290, ಎಂದರೆ ಕ್ರಿ.ಶ. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನು ಹಾಕಿಸಿದ ಶಾಸನವದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ವೈಷ್ಣವರೂ ಇದ್ದ ಸಭೆಯಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯಗಳೂ ಕಲಶವೂ ಪೂರ್ವದಂತೆ ಜೈನರಿಗೆ ಸಲ್ಲಬೇಕೆಂದು ವಿಧಿಸಿದನು. ಜೈನದರ್ಶನಕ್ಕಾದ ಹಾನಿವೃದ್ಧಿಗಳನ್ನು ತಮ್ಮ ದರ್ಶನಕ್ಕಾದ ಹಾನಿವೃದ್ಧಿಗಳೆಂದೇ ವೈಷ್ಣವರು ಬಗೆಯಬೇಕೆಂಬುದು ಆ ಶಾಸನದ ಹೃದಯ. ಧರ್ಮಶಾಸ್ತ್ರವು ಅರಸನಿಗೆ ವಿಧಿಸಿದ ಸಮಯರಕ್ಷಣೆಯ ಹೊಣೆಯನ್ನು ಬುಕ್ಕರಾಯನು ಹೀಗೆ ನೆರವೇರಿಸಿದನು.

ಶಾಸನವು ಸದ್ಭಾವನೆಯ ಮಾತಿಗೇ ನಿಲ್ಲಲಿಲ್ಲವೆಂಬುದು ಬಹು ಮುಖ್ಯ. ರಾಜ್ಯದಲ್ಲಿರುವ ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಜೈನರ ಹಣ, ವೈಷ್ಣವ ಆಚಾರ್ಯರ ಮೇಲ್ವಿಚಾರಣೆ. ಮುಂದೆ ಬುಸುವಿಸೆಟ್ಟಿಯೆಂಬ ಶ್ರಾವಕನಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದು ಅದೇ ಕಲ್ಲು ಹೇಳುತ್ತದೆ. ಬ್ರಹ್ಮಶಿವನಲ್ಲಿ ಗೋಡೆಯಾಗಿದ್ದ ಶಬ್ದ ಇಲ್ಲಿ ಹಿಡಿದ ಕೈಯಾಯಿತು. ವೈಷ್ಣವನು ವೈಷ್ಣವನಾಗಿಯೇ ಉಳಿದನು, ಜೈನನು ಜೈನನಾಗಿಯೇ ಉಳಿದನು; ನಡುವೆ ಎಡೆಯೊಂದು ಏರ್ಪಟ್ಟಿತು.

ಧರ್ಮಬಂಧುಗಳೆ, ಇನ್ನು ಸಾಮಾಯಿಕದ ಮಾತು. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಈ ಶಬ್ದವನ್ನು ಬಿಡಿಸುತ್ತ, ಏಕತ್ವಕ್ಕೆ ಹೋಗಿ ಸೇರುವುದೇ ಸಮಯ, ಆ ಸಮಯವೇ ಸಾಮಾಯಿಕ ಎಂದಿದ್ದಾರೆ. ಇದು ಮುನಿಗಳ ಆರು ಆವಶ್ಯಕಗಳಲ್ಲಿ ಒಂದು. ಶ್ರಾವಕರ ಶಿಕ್ಷಾವ್ರತಗಳಲ್ಲಿ ಒಂದು. ಹನ್ನೊಂದು ಪ್ರತಿಮೆಗಳಲ್ಲಿ ಮೂರನೆಯದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಸಾಮಾಯಿಕದ ಅವಧಿಯನ್ನು ಗುರುತಿಸುವ ಬಗೆ ನಮ್ಮ ವಿಷಯಕ್ಕೆ ಕಿರೀಟದಂತಿದೆ. ಕೂದಲಿನ ಗಂಟು, ಮುಷ್ಟಿಯ ಕಟ್ಟು, ಉಟ್ಟ ವಸ್ತ್ರದ ಗಂಟು, ಪರ್ಯಂಕಾಸನದ ಬಂಧ, ನಿಂತ ಅಥವಾ ಕುಳಿತ ನಿಲುವು ಇವನ್ನು ಬಲ್ಲವರು ಸಮಯವೆನ್ನುತ್ತಾರೆಂದು ಅವರ ಮಾತಿನ ತಾತ್ಪರ್ಯ. ಈ ಗಂಟು ಬಿಚ್ಚುವವರೆಗೆ ಐದು ಪಾಪಗಳನ್ನೂ ಪೂರ್ಣವಾಗಿ ಬಿಟ್ಟಿರುತ್ತೇನೆ ಎಂದು ಶ್ರಾವಕನು ತನಗೆ ತಾನೇ ಮಾಡಿಕೊಳ್ಳುವ ಒಪ್ಪಂದವದು. ಇಲ್ಲಿ ನೋಡಿರಿ, ಗಂಟು ನಿಂತಿರುವಷ್ಟು ಕಾಲವೂ ಸಮಯ, ಮಾಡಿಕೊಂಡ ಕಟ್ಟಳೆಯೂ ಸಮಯ, ಅದನ್ನು ವಿಧಿಸಿದ ಸಿದ್ಧಾಂತವೂ ಸಮಯ, ಅದರಲ್ಲಿ ನೆಲೆಗೊಳ್ಳುವ ಆತ್ಮವೂ ಸಮಯ. ಚೆದುರಿದಂತೆ ಕಂಡ ಅರ್ಥಗಳೆಲ್ಲ ಒಬ್ಬ ಗೃಹಸ್ಥನು ಕಣ್ಣು ಮುಚ್ಚಿ ಕುಳಿತ ಆಸನದ ಮೇಲೆ ಬಂದು ಕೂಡಿದವು.

ರೂಢಿಯಲ್ಲಿ ಒಂದು ಸಾಮಾಯಿಕಕ್ಕೆ ಒಂದು ಮುಹೂರ್ತ. ಆದರೆ ಇಂದು ಯಾರನ್ನು ಕೇಳಿದರೂ ಬರುವ ಉತ್ತರ ‘ಸಮಯವಿಲ್ಲ’ ಎಂಬುದು. ದಿನಕ್ಕೆ 30 ಮುಹೂರ್ತಗಳಿರುವಾಗ ಕಾಲವಿಲ್ಲವೆನ್ನುವುದು ಹೇಗೆ? ಕಾಲ ಎಲ್ಲರಿಗೂ ಒಂದೇ ಅಳತೆಯಲ್ಲಿದೆ. ಇಲ್ಲದಿರುವುದು ಬೇರೆ ಅರ್ಥದ ಸಮಯ: ತನ್ನೊಡನೆ ತಾನು ಕೂಡುವುದು, ನೆರೆಯವನೊಡನೆ ಮಾಡಿಕೊಂಡ ಕಟ್ಟಳೆಗೆ ಕಟ್ಟುಬೀಳುವುದು. ಶಬ್ದದಿಂದ ಆ ಅರ್ಥಗಳು ಕಳಚಿಕೊಂಡಂತೆ ಬಾಳಿನಿಂದಲೂ ಅವು ಕಳಚಿಕೊಳ್ಳುತ್ತವೆ.

ಪ್ರತಿಷ್ಠೆಯಾದ ಬಸದಿಗೆ ಆಪತ್ತು ಶತ್ರುಗಳಿಂದಲೇ ಬರಬೇಕೆಂದಿಲ್ಲ. ನಾಡಿನಲ್ಲಿ ಮಾಡು ಸೋರಿ, ಗೋಡೆಯಲ್ಲಿ ಆಲದ ಬೇರಿಳಿದು, ದೀಪ ಹಚ್ಚುವವರಿಲ್ಲದೆ ನಿಂತ ಬಸದಿಗಳನ್ನು ನೀವೂ ಕಂಡಿದ್ದೀರಿ. ಅವುಗಳಿಗೂ ಒಂದು ದಿನ ಇಂದಿನಂತೆ ಮಂಗಳವಾದ್ಯ ಮೊಳಗಿತ್ತು, ಕಲಶಾಭಿಷೇಕ ನಡೆದಿತ್ತು. ಅಂದು ಶುಭ ಮುಹೂರ್ತವಿತ್ತು. ಮುಂದಿನ ತಲೆಮಾರುಗಳನ್ನು ಕಟ್ಟಿಹಾಕುವ ಸಮಯವಿರಲಿಲ್ಲ, ಅಥವಾ ಇದ್ದುದು ಸಡಿಲವಾಯಿತು. ಮನೆಗೊಂದು ಹಣವೆಂಬ 1368ರ ವಿವೇಕ ಇಂದಿಗೂ ಹಳತಾಗಿಲ್ಲ.

ಆದ್ದರಿಂದ ಈ ಊರಿನ ಸಮಾಜಕ್ಕೆ ನನ್ನ ಬಿನ್ನಹ ಇಷ್ಟೆ. ಚಪ್ಪರ ಬಿಚ್ಚುವ ಮುನ್ನ ನೀವೆಲ್ಲರೂ ಕುಳಿತು ಎರಡು ಸಮಯಗಳನ್ನು ಮಾಡಿಕೊಳ್ಳಿರಿ. ಮೊದಲನೆಯದು, ಈ ಬಸದಿಯ ನಿತ್ಯಪೂಜೆಗೂ ವರ್ಷಕ್ಕೊಮ್ಮೆ ಮಾಡಿನ ರಿಪೇರಿ, ಸುಣ್ಣಬಣ್ಣಗಳಿಗೂ ಮನೆಮನೆಯಿಂದ ತಕ್ಕಷ್ಟು ಸಲ್ಲಬೇಕೆಂಬುದು. ಬಡವನ ಮನೆಯಿಂದ ಬಂದ ಒಂದು ರೂಪಾಯಿಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಎರಡನೆಯದು, ವಾರಕ್ಕೊಂದು ಮುಹೂರ್ತವಾದರೂ ಹಿರಿಯರೂ ಮಕ್ಕಳೂ ಇಲ್ಲಿ ಕೂಡಿ ಕುಳಿತು ಸಾಮಾಯಿಕ ಮಾಡಿ, ‘ಸಮಯಸಾರ’ದ ಒಂದು ಗಾಹೆಯನ್ನು ಕನ್ನಡದಲ್ಲಿ ಅರ್ಥಸಹಿತ ಓದಬೇಕೆಂಬುದು. ವಾರಕ್ಕೊಂದರಂತೆ ಓದಿದರೆ 415 ಗಾಹೆಗಳು ಮುಗಿಯಲು ಎಂಟು ವರ್ಷ ಹಿಡಿಯುತ್ತದೆ. ಇಂದು ತಾಯಿಯ ಮಡಿಲಲ್ಲಿ ಕುಳಿತಿರುವ ನಾಲ್ಕು ವರ್ಷದ ಮಗುವಿಗೆ ಆಗ ಹನ್ನೆರಡು ವರ್ಷ. ಆ ಮಗು ಸಮಯವೆಂದರೆ ಏನೆಂದು ನಮ್ಮನ್ನು ಕೇಳದೆ ತಾನೇ ಹೇಳಬಲ್ಲುದು.